ಮಲ್ಲೂವಾಲದ ಬಿಕ್ಕರ್ ಸಿಂಗ್ ವಾಪಸು ಬಂದದ್ದು

ಜಗರೂಪ್ ಸಿಂಗ್ ಎಂಬ ಹುಡುಗ ಜೋಬನ್ ಮಲ್ಲೂವಾಲ ಎಂದು ಹೆಸರು ಬದಲಿಸಿಕೊಂಡು ಹಾಡುಗಾರನಾದ ದಿನದಿಂದ ಮಲ್ಲೂವಾಲದವರಿಗೆ ಅವರ ಊರು ಅವರದಾಗಿ ಉಳಿಯಲಿಲ್ಲ. ಮೋಗಾದಲ್ಲಿ ಬಸ್ಸು ಹತ್ತಿ ಮಲ್ಲೂವಾಲಕ್ಕೊಂದು ಟಿಕೆಟ್ ಎಂದರೆ ಕಂಡಕ್ಟರು ಮೊದಲು ಜೋಬನ್‌ನ ಹಾಡಿನ ಒಂದು ಸಾಲು ಹಾಡಿ ಆಮೇಲೆ ಟಿಕೆಟ್ ಹರಿಯುತ್ತಿದ್ದ. ಊರ ಹೆಣ್ಣುಮಕ್ಕಳನ್ನು ಕೊಟ್ಟ ಕಡೆಯೆಲ್ಲ ಬೀಗರು, "ಜೋಬನ್ ನಿಮಗೇನಾಗಬೇಕು?" ಎಂದು ವಿಚಾರಿಸುತ್ತಿದ್ದರು. ಊರಿನ ಮಣ್ಣು, ಊರಿನ ನಾಲೆ, ಊರಿನ ಗೋಧಿ ಹೊಲದ ಬದು, ಎಲ್ಲವೂ ಅವನ ಹಾಡುಗಳಲ್ಲಿದ್ದವು. ಅವನು ಮಾತ್ರ ಒಂಬತ್ತು ವರ್ಷದಿಂದ ಮೊಹಾಲಿಯ ಒಂದು ಕಟ್ಟಡದ ಹತ್ತನೇ ಮಹಡಿಯಲ್ಲಿದ್ದ.

ಊರಿನಲ್ಲೇ ಉಳಿದಿದ್ದ, ಯಾವ ಹಾಡಿನಲ್ಲೂ ಇಲ್ಲದ ಮನುಷ್ಯ ಬಿಕ್ಕರ್ ಸಿಂಗ್. ವಯಸ್ಸು ನಲವತ್ತೆಂಟು. ಮೋಗಾ ಬಸ್ ನಿಲ್ದಾಣದ ಹಿಂದೆ, ಬೀಜದ ಅಂಗಡಿಗೂ ಹಲ್ಲಿನ ಡಾಕ್ಟರಿಗೂ ನಡುವೆ ಅವನದೊಂದು ಸಣ್ಣ ಅಂಗಡಿ. ಮದುಮಕ್ಕಳಿಗೆ ಪಗಡಿ ಕಟ್ಟುವುದು ಅವನ ಕಸುಬು. ಆರು ಮೀಟರಿನ ಮಲ್ಮಲ್ ಬಟ್ಟೆಯನ್ನು ಕಟ್ಟುವ ಮೊದಲು ಪೂಣಿ ಮಾಡಬೇಕು, ಅಂದರೆ ಇಬ್ಬರು ಎರಡು ತುದಿ ಹಿಡಿದು, ಎಳೆದು, ಉದ್ದಕ್ಕೆ ನಾಲ್ಕು ಮಡಿಕೆ ಹಾಕಬೇಕು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ದಿನವೂ ಬೆಳಿಗ್ಗೆ ಅಂಗಳದಲ್ಲಿ ಒಂದು ತುದಿಗೆ ಬಿಕ್ಕರ್, ಇನ್ನೊಂದು ತುದಿಗೆ ಹೆಂಡತಿ ನಸೀಬ್ ಕೌರ್. ಮನೆಯ ಮಾತುಕತೆಯೆಲ್ಲ, ಜಗಳ ಸಹ, ಆ ಬಟ್ಟೆಯ ಎರಡು ತುದಿಗಳಲ್ಲೇ ನಡೆಯುತ್ತಿತ್ತು. ಜಗಳವಾದ ದಿನ ಅವಳು ಜೋರಾಗಿ ಎಳೆಯುತ್ತಿದ್ದಳು, ಮಡಿಕೆ ಬಿಗಿಯಾಗಿ ಬರುತ್ತಿತ್ತು. ಅಂಥ ದಿನ ಪಗಡಿ ಕಟ್ಟಿಸಿಕೊಂಡ ಮದುಮಗ ಸಂಜೆವರೆಗೆ ಕುಣಿದರೂ ಒಂದು ಸುತ್ತು ಸಡಿಲವಾಗುತ್ತಿರಲಿಲ್ಲ.

ಜೋಬನ್‌ನ 'ನೋಕ್' ಎಂಬ ಹಾಡಿನ ಸುರುಳಿ ಹೊರಬಂದದ್ದು ಈ ಕಥೆ ನಡೆದ ವರ್ಷ. ನೋಕ್ ಎಂದರೆ ಪಗಡಿಯ ಮುಂದೆ, ಹಣೆಯ ನಡುಮಧ್ಯದಲ್ಲಿ ಬರುವ ಚೂಪು ತುದಿ. ಮೊದಲ ಹಾಡಿನಲ್ಲಿ ಜೋಬನ್ ತಾನು ಕತ್ತಿಯ ಅಲಗಿನಲ್ಲಿ ಮುಖ ನೋಡಿಕೊಂಡು ತನ್ನ ಪಗಡಿಯನ್ನು ತಾನೇ ಕಟ್ಟುವುದಾಗಿಯೂ, ಅದರ ನೋಕಿಗೆ ವೈರಿಗಳು ಹೆದರುವುದಾಗಿಯೂ ಸಾರುತ್ತಾನೆ. ನಿಜ ಸಂಗತಿ ಎಂದರೆ ಜೋಬನ್‌ನ ಉದ್ದ ಕೂದಲು ಎಂದೋ ಕತ್ತರಿಗೆ ಹೋಗಿ, ಅವನು ಪಗಡಿ ಕಟ್ಟುವುದನ್ನೇ ಬಿಟ್ಟಿದ್ದ. ಪಗಡಿಯ ಬಟ್ಟೆಯಲ್ಲಿ ಬಲ ಯಾವುದು ಎಡ ಯಾವುದು ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ಹಾಡಿನ ಚಿತ್ರೀಕರಣದ ದಿನ ಮೂವರು ಕಟ್ಟಿ ಸೋತ ಮೇಲೆ ಯಾರೋ ಮೋಗಾದಿಂದ ಬಿಕ್ಕರ್‌ನನ್ನು ಕರೆಸಿದರು. ಅವನು ಏಳು ನಿಮಿಷದಲ್ಲಿ ಕಟ್ಟಿ ಮುಗಿಸಿದ. ಆ ನೋಕು ಎಷ್ಟು ಚೂಪಾಗಿತ್ತೆಂದರೆ ಹಾಡು ಬಂದ ತಿಂಗಳೊಳಗೆ ಲೂಧಿಯಾನದಿಂದ ಲಂಡನ್ನಿನವರೆಗೆ ಹುಡುಗರು ಅದನ್ನೇ ಬೇಡತೊಡಗಿದರು. ಬಿಕ್ಕರ್‌ನ ಹೆಸರು ಎಲ್ಲೂ ಬರಲಿಲ್ಲ. ತಾನೇ ಕಟ್ಟಿಕೊಂಡೆ ಎಂದು ಹಾಡುವವನು ಕಟ್ಟಿದವನ ಹೆಸರನ್ನು ಹಾಕುವುದು ಹೇಗೆ?

ಸುರುಳಿ ಗೆದ್ದಿತು. ಇಂಗ್ಲೆಂಡು, ಕೆನಡಾ ಸುತ್ತಿ ಹತ್ತು ಊರುಗಳಲ್ಲಿ ಹಾಡುವುದೆಂದು ಗೊತ್ತಾಯಿತು. ಕಾರ್ಯಕ್ರಮಗಳನ್ನು ನೋಡಿಕೊಳ್ಳುತ್ತಿದ್ದವನು ಪಿಂಕಾ. ಅವನು ಹದಿನಾಲ್ಕು ಜನರ ಪಟ್ಟಿ ಮಾಡಿದ. ಅದರಲ್ಲಿ ಬಿಕ್ಕರ್‌ನನ್ನು ಢೋಲ್ ವಾದಕ ಎಂದು ಬರೆದ. ಪಗಡಿ ಕಟ್ಟುವವನು ಎಂದರೆ ವೀಸಾ ಕಚೇರಿಯವರು ನಂಬುವುದಿಲ್ಲ ಎಂಬುದು ಅವನ ಲೆಕ್ಕ.

ದಿಲ್ಲಿಯ ಕಚೇರಿಯಲ್ಲಿ ಗಾಜಿನ ಆಚೆ ಒಬ್ಬ ಬಿಳಿಯ ಅಧಿಕಾರಿ, ಅವನ ಪಕ್ಕ ಮಾತನ್ನು ಭಾಷಾಂತರಿಸಿ ಹೇಳುವ ಒಬ್ಬ ಹೆಂಗಸು ಕುಳಿತಿದ್ದರು.

"ನೀವು ಢೋಲ್ ಬಾರಿಸ್ತೀರಾ?" ಎಂದು ಹೆಂಗಸು ಕೇಳಿದಳು.

"ಇಲ್ಲ ಜೀ."

"ಇಲ್ಲಿ ಹಾಗಂತ ಬರ್ದಿದೆಯಲ್ಲ?"

"ಬರ್ದೋನು ಪಿಂಕಾ. ನಾನು ಪಗಡಿ ಕಟ್ತೀನಿ, ಜೋಬನ್‌ಗೆ."

ಆಕೆ ಅದನ್ನು ಅಧಿಕಾರಿಗೆ ಹೇಳಿದಳು. ಅವನು ಪೆನ್ನು ಕೆಳಗಿಟ್ಟು ಏನೋ ಕೇಳಿದ.

"ಅವರಿಗೆ ಕಟ್ಟಿಕೊಳ್ಳೋಕೆ ಬರಲ್ವಾ ಅಂತ ಕೇಳ್ತಿದಾರೆ."

"ಬರಲ್ಲ ಜೀ. ಚೆನ್ನಾಗಿ ಹಾಡ್ತಾನೆ, ಕಟ್ಟೋಕೆ ಬರಲ್ಲ."

ಆ ಅಧಿಕಾರಿಯ ಕಾರಿನ ಡ್ರೈವರು ದಿನವೂ ಅದೇ ಹಾಡು ಹಾಕುತ್ತಿದ್ದನಂತೆ, ಅದರ ಅರ್ಥವನ್ನೂ ಬಿಡಿಸಿ ಹೇಳಿದ್ದನಂತೆ. ಅಧಿಕಾರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಇಂಥದ್ದನ್ನು ಯಾರೂ ಕಟ್ಟಿ ಹೇಳಲಾರರು ಎನ್ನಿಸಿತೋ ಏನೋ, ಹದಿನಾಲ್ಕು ಜನರಲ್ಲಿ ಮೊದಲು ವೀಸಾ ಸಿಕ್ಕಿದ್ದು ಬಿಕ್ಕರ್‌ಗೆ.

ಹೊರಗೆ ಪಿಂಕಾ ಕಾಯುತ್ತಿದ್ದ. "ಏನಂದೆ ಉಸ್ತಾದ್?"

"ಕೇಳಿದ್ದಕ್ಕೆ ಹೇಳ್ದೆ."

"ಏನ್ ಕೇಳಿದ್ರು?"

ಬಿಕ್ಕರ್ ಎಲ್ಲವನ್ನೂ ಹೇಳಿದ. ಪಿಂಕಾ ಗೋಡೆ ಹಿಡಿದುಕೊಂಡ.

ಮಲ್ಲೂವಾಲದಲ್ಲಿ ಸುದ್ದಿ ಹರಡಿತು. ಅರಳಿಕಟ್ಟೆಯ ಮೇಲೆ ದಿನಾ ಕುಳಿತಿರುವ ಚನ್ನಣ್ ಸಿಂಗ್, ಊರಿಗೆಲ್ಲ ದೊಡ್ಡಪ್ಪನಾದ್ದರಿಂದ ಎಲ್ಲರೂ ತಾಯಾ ಎಂದು ಕರೆಯುವ ಮುದುಕ, ಬಿಕ್ಕರ್‌ನ ಎರಡೂ ಕೈ ಹಿಡಿದುಕೊಂಡ.

"ಹೋಗು ಮಗಾ. ಅಲ್ಲಿಂದಾದ್ರೂ ನಮ್ಮನ್ನ ನೆನಸ್ಕೋ."

"ನಲವತ್ತನಾಲ್ಕೇ ದಿನ ತಾಯಾ."

"ಹೌದ್ಹೌದು. ಎಲ್ರೂ ನಲವತ್ತನಾಲ್ಕೇ ಅನ್ನೋದು." ಚನ್ನಣ್ ಕಣ್ಣು ಹೊಡೆದ. "ಕರ್ಮಾನ ಮಗ ಕಬಡ್ಡಿ ಆಡಿ ಬರ್ತೀನಿ ಅಂತ ಹನ್ನೆರಡು ದಿನಕ್ಕೆ ಹೋದ. ಈಗ ಅವನ ಮಗ ಅಲ್ಲಿ ಕಬಡ್ಡಿ ಆಡ್ತಾನೆ."

"ನಿಜವಾಗ್ಲೂ ಬರ್ತೀನಿ ತಾಯಾ."

"ಶ್! ಇಷ್ಟು ಜೋರಾಗಿ ಹೇಳ್ಬೇಡ. ಬರ್ತೀನಿ ಅಂತ ಮೆತ್ತಗೆ ಹೇಳಿ ಹೋಗ್ಬೇಕು."

ಪಕ್ಕದ ಮನೆಯವನು ಬಂದು ಸೈಕಲ್ಲನ್ನು ಯಾರಿಗೆ ಬಿಟ್ಟು ಹೋಗುತ್ತೀ ಎಂದು ವಿಚಾರಿಸಿದ. ನಸೀಬ್ ಕೌರ್ ಎರಡು ದಿನ ಕೂತು ಚೀಲ ತುಂಬಿದಳು. ಹೊರಡುವಾಗ ಸಕ್ಕರೆ ಬೆರೆಸಿದ ಮೊಸರನ್ನು ಒಂದು ಚಮಚ ತಿನ್ನಿಸಿದಳು. ಯಾವಾಗ ಬರುತ್ತೀ ಎಂದು ಮಾತ್ರ ಕೇಳಲಿಲ್ಲ.

ಮೊದಲ ಊರು ಬರ್ಮಿಂಗ್‌ಹ್ಯಾಮ್. ಐದು ಸಾವಿರ ಜನ. ಜೋಬನ್ ವೇದಿಕೆಗೆ ಹಾರಿ ಬಂದು, "ನಿಮ್ಮೂರಿನ ಮಣ್ಣಿನ ವಾಸನೆ ತಂದಿದೀನಿ!" ಎಂದು ಕೂಗಿದಾಗ, ಆ ಮಣ್ಣನ್ನು ಎಂದೂ ಮೆಟ್ಟಿರದ ಹುಡುಗ ಹುಡುಗಿಯರು ಅತ್ತರು. ಬಿಕ್ಕರ್ ಪರದೆಯ ಹಿಂದೆ ಸೂಜಿಪಿನ್ನು ಹಿಡಿದು ನಿಂತಿದ್ದ. ಹೋಟೆಲಿನಲ್ಲಿ ಪೂಣಿಗೆ ಇನ್ನೊಂದು ತುದಿ ಹಿಡಿಯುವವರಿರಲಿಲ್ಲ. ಜೋಬನ್‌ಗೆ ಹಿಡಿಯಲು ಕೊಟ್ಟರೆ ಫೋನು ಬಂದ ಕೂಡಲೇ ಕೈ ಬಿಡುತ್ತಿದ್ದ. ಕೊನೆಗೆ ಬಿಕ್ಕರ್ ಬಟ್ಟೆಯನ್ನು ಬಾಗಿಲ ಹಿಡಿಕೆಗೆ ಕಟ್ಟಿ ಒಬ್ಬನೇ ಎಳೆದ. ಹಿಡಿಕೆ ಜಗಳವಾಡುತ್ತಿರಲಿಲ್ಲ. ಮಡಿಕೆ ಹಾಗೂ ಹೀಗೂ ಬರುತ್ತಿತ್ತು.

ಮಾರನೆಯ ದಿನ ಬಸ್ಸಿನಲ್ಲಿ ಢೋಲ್ ಬಾರಿಸುವ ಬಿಲ್ಲಾ ಪಕ್ಕಕ್ಕೆ ಬಂದು ಕುಳಿತ.

"ಉಸ್ತಾದ್, ನೀನು ಯಾವ ಸ್ಟಾಪಲ್ಲಿ ಇಳೀತೀಯ?"

"ಎಲ್ರೂ ಇಳಿಯೋ ಕಡೆ."

"ಅಯ್ಯೋ ನಿನ್ನ! ನನ್ನದು ಇದೇ ಸ್ಟಾಪು. ಭಾವಮೈದ ಕಾಯ್ತಿದಾನೆ. ಈ ಢೋಲ್ ಸ್ವಲ್ಪ ನೋಡ್ಕೊ, ಸಿಗರೇಟು ತಗೊಂಡ್ ಬರ್ತೀನಿ."

ಬಿಲ್ಲಾ ಸಿಗರೇಟು ಸೇದುತ್ತಿರಲಿಲ್ಲ. ಅವನು ಹೋದದ್ದು ಹಾಗೆ. ಲಂಡನ್ನಿನ ಸೌತಾಲಿನಲ್ಲಿ ಇಬ್ಬರು ಗುರುದ್ವಾರಕ್ಕೆ ನಮಸ್ಕಾರ ಹಾಕಿ ಬರುತ್ತೇವೆಂದು ಹೋದರು. ಕೆನಡಾದ ಬ್ರಾಂಪ್ಟನ್ನಿನಲ್ಲಿ ಕೀಬೋರ್ಡಿನವನು ಹಲ್ಲುನೋವೆಂದ. ಉಳಿದವರೂ ಊರೂರಿಗೆ ಒಬ್ಬಿಬ್ಬರಂತೆ ಕಳಚಿಕೊಂಡರು. ಒಬ್ಬೊಬ್ಬನೂ ಹೋಗುವ ಮುನ್ನ ತನ್ನ ವಾದ್ಯವನ್ನು ಬಿಕ್ಕರ್‌ನ ಕೈಗೆ ಕೊಟ್ಟು ಹೋಗುತ್ತಿದ್ದ, ವಾಪಸು ಬರುವವನಿಗೆ ಕೊಡುವ ಹಾಗೆ. ವಿಚಿತ್ರವೆಂದರೆ ಹಾಡಿಗೆ ಏನೂ ಕೊರತೆಯಾಗಲಿಲ್ಲ. ಢೋಲು, ತೂಂಬಿ, ಕೊಳಲು ಎಲ್ಲವೂ ಮೊದಲಿನಿಂದಲೂ ಒಂದು ಸಣ್ಣ ಯಂತ್ರದೊಳಗಿಂದಲೇ ಬರುತ್ತಿದ್ದವು. ವೇದಿಕೆ ಬರಿದಾಗಿ ಕಾಣಬಾರದೆಂದು ಪಿಂಕಾ ಆಯಾ ಊರಿನ ಹುಡುಗರಿಗೆ ಹೊಳೆಯುವ ಅಂಗಿ ತೊಡಿಸಿ ನಿಲ್ಲಿಸಿದ. ಅವರೂ ಸಾಲದಾದಾಗ ಬಿಕ್ಕರ್‌ನ ಕೊರಳಿಗೇ ಬಿಲ್ಲಾನ ಢೋಲು ಬಂತು.

"ಪಟ್ಟಿಯಲ್ಲಿ ಢೋಲಿನವನು ಅಂತಾನೇ ಇದೆಯಲ್ಲ ಉಸ್ತಾದ್," ಎಂದ ಪಿಂಕಾ. "ನಾನು ಆವತ್ತು ಬರ್ದಿದ್ದು ಸುಳ್ಳಲ್ಲ, ಸ್ವಲ್ಪ ಮುಂಚೆ ಬರ್ದಿದ್ದು."

ವಿನ್ನಿಪೆಗ್‌ನಲ್ಲಿ ವಿಮಾನದವರು ಪಗಡಿಯ ಪೆಟ್ಟಿಗೆ ಕಳೆದುಹಾಕಿದರು. ಹೊರಗೆ ಮೊಣಕಾಲುದ್ದ ಹಿಮ. ಕಾರ್ಯಕ್ರಮಕ್ಕೆ ಮೂರು ಗಂಟೆ ಉಳಿದಿತ್ತು. ಬಿಕ್ಕರ್ ಹೋಟೆಲಿನ ಹಾಸಿಗೆಯ ಮೇಲಿದ್ದ ಬಿಳಿ ಚಾದರವನ್ನು ಉದ್ದಕ್ಕೆ ಹರಿದು, ತುದಿಗೆ ತುದಿ ಹೊಲಿದು ಕಟ್ಟಿದ.

ಜೋಬನ್ ಕನ್ನಡಿ ನೋಡಿ ಕಿರುಚಿದ. "ಉಸ್ತಾದ್, ಸಾವಿನ ಮನೆಗೆ ಹೊರಟವನ ಹಾಗೆ ಕಾಣ್ತೀನಿ!"

"ಅಲ್ಲಾಡಬೇಡ. ಚಾದರದ ಅಂಚಲ್ಲಿ ಹೋಟೆಲಿನ ಹೆಸರಿದೆ, ಒಳಗಡೆ ಸುತ್ತಬೇಕು."

ಮುಂದಿನ ವಾರ ಕ್ಯಾಲ್ಗರಿಯಲ್ಲಿ ನೋಡಿದರೆ ಮುಂದಿನ ಸಾಲಿನ ಹುಡುಗರೆಲ್ಲ ಬಿಳಿಯ ಪಗಡಿಯಲ್ಲಿದ್ದರು. ಒಬ್ಬ ಪತ್ರಕರ್ತ ಈ ಬಿಳುಪಿನ ಹಿಂದಿನ ಅರ್ಥವೇನೆಂದು ಕೇಳಿದ. ಜೋಬನ್ ಒಂದು ಕ್ಷಣ ಕಣ್ಣು ಮುಚ್ಚಿ, "ಶಾಂತಿ," ಎಂದ.

ಆ ಕ್ಯಾಲ್ಗರಿಯಲ್ಲೇ ಬಿಕ್ಕರ್ ಒಂದು ಬನಿಯನ್ ಹುಡುಕುತ್ತ ತನ್ನ ಚೀಲವನ್ನು ಮೊದಲ ಬಾರಿಗೆ ತಳದವರೆಗೆ ತೆಗೆದ. ತಳದಲ್ಲಿ ಒಂದು ರಜಾಯಿ ಸುರುಳಿ ಸುತ್ತಿ ಕಟ್ಟಿಟ್ಟಿತ್ತು. ಬಿಡಿಸಿದರೆ ಒಳಗೆ ಎರಡು ವರ್ಷಕ್ಕಾಗುವಷ್ಟು ಉಣ್ಣೆಯ ಬಟ್ಟೆ, ಒಂದು ಡಬ್ಬಿ ಮಾವಿನ ಉಪ್ಪಿನಕಾಯಿ, ಸತ್ತ ಅಪ್ಪ ಅವ್ವನ ಪಟ, ಅವನು ಎಂಟನೇ ತರಗತಿ ಪಾಸಾದ ಸರ್ಟಿಫಿಕೇಟು. ಎಲ್ಲವನ್ನೂ ಹಾಸಿಗೆಯ ಮೇಲೆ ಹರಡಿ ಮನೆಗೆ ಫೋನು ಮಾಡಿದ.

"ರಜಾಯಿ ಯಾಕೆ ಇಟ್ಟೆ?"

"ಅಲ್ಲಿ ಚಳಿ ಅಂತಾರಲ್ಲ."

"ನಲವತ್ತನಾಲ್ಕು ದಿನಕ್ಕೆ ಎಂಟನೇ ಕ್ಲಾಸಿನ ಸರ್ಟಿಫಿಕೇಟು ಯಾಕೆ ನಸೀಬೋ?"

ಆ ಕಡೆಯಿಂದ ಎಮ್ಮೆ ಕೂಗಿದ್ದು ಕೇಳಿಸಿತು.

"ಎಲ್ರೂ ಹಾಗೇ ಅಲ್ವಾ ಹೋಗೋದು," ಎಂದಳು ಕಡೆಗೆ. "ಕರ್ಮಾನ ಹೆಂಡ್ತಿ ಹೇಳಿದ್ಳು, ಕಾಗದಪತ್ರ ಎಲ್ಲಾ ಕಳಿಸು, ಆಮೇಲೆ ಅಂಚೇಲಿ ಕಳಿಸೋದು ಕಷ್ಟ ಅಂತ."

"ನಾನು ಬರ್ತೀನಿ ಅಂತ ಹೇಳಿದ್ನಲ್ಲ."

"ಹೇಳಿದ್ದೆ. ಅದೂ ಎಲ್ರೂ ಹೇಳೋದೇ."

ಅಂದಿನಿಂದ ಬಿಕ್ಕರ್‌ಗೆ ಒಂದೇ ಚಿಂತೆ ಹಿಡಿಯಿತು. ಊರಿಗೆ ವಾಪಸು ಹೋಗಬೇಕೋ ಬೇಡವೋ ಎಂಬುದಲ್ಲ, ಹೋಗುವುದಂತೂ ನಿಶ್ಚಯ. ಹೋದರೆ ಅವಳಿಗೆ ಬೇಕಾಗುತ್ತೇನೋ ಇಲ್ಲವೋ ಎಂಬುದು. ಕೆನಡಾದಲ್ಲಿರುವ ಗಂಡ ಎಂದರೆ ಒಂದು ಮರ್ಯಾದೆ. ಅಂಗಳದಲ್ಲಿರುವ ಗಂಡ ಎಂದರೆ ಬಟ್ಟೆಯ ಒಂದು ತುದಿ, ಅಷ್ಟೇ ತಾನೆ?

ಕೆನಡಾದಲ್ಲಿ ಕೊನೆಯ ಊರು ಸರ್‍ರೆ. ಅಲ್ಲಿ ದೂರದ ಸಂಬಂಧಿಯೊಬ್ಬ ಬಂದು ತನ್ನ ಮನೆಯ ನೆಲಮಾಳಿಗೆಯ ಕೋಣೆ ತೋರಿಸಿದ. ಇಲ್ಲಿ ಶನಿವಾರಕ್ಕೆ ಎಂಟು ಮದುವೆ, ಪಗಡಿ ಕಟ್ಟುವವರಿಗೆ ಬರವಿದೆ ಎಂದ. ಬಿಕ್ಕರ್ ಕೋಣೆಯನ್ನು ನೋಡಿ, ಚೆನ್ನಾಗಿದೆ ಎಂದು ಒಪ್ಪಿಕೊಂಡು, ಚಹಾ ಕುಡಿದು ಎದ್ದ. ಆ ಹೊತ್ತಿಗೆ ಜೋಬನ್ ಕೂಡ ಅಲ್ಲೇ ಒಂದು ಮನೆ ಹಿಡಿದಿದ್ದ. ಹುಟ್ಟೂರಿನ ಅಗಲಿಕೆಯ ನೋವಿನ ಮೇಲೆ ಹೊಸ ಹಾಡು ಬರೆಯಬೇಕು, ಅದಕ್ಕೆ ಇಲ್ಲೇ ಕೆಲವು ತಿಂಗಳು ಇರಬೇಕು ಎಂದ. ನಲವತ್ತನಾಲ್ಕನೆಯ ದಿನ ವಿಮಾನ ಹತ್ತಿದವರು ಇಬ್ಬರು. ಹದಿನಾಲ್ಕು ಹೆಸರಿನ ಪಟ್ಟಿ ಹಿಡಿದ ಪಿಂಕಾ, ಹೋದವರ ವಾದ್ಯ ಹೊತ್ತ ಬಿಕ್ಕರ್.

ಮಲ್ಲೂವಾಲದಲ್ಲಿ ಗೋಧಿ ಕೊಯ್ಲು ಮುಗಿಯುತ್ತ ಬಂದಿತ್ತು. ಹೊಟ್ಟಿನ ಧೂಳಿನಲ್ಲಿ ಬಸ್ಸಿಳಿದು ಬಿಕ್ಕರ್ ಮಧ್ಯಾಹ್ನ ಮನೆಯ ಮುಂದೆ ನಿಂತರೆ, ತಾರಸಿಯ ಮೇಲೆ ಒಂದು ವಿಮಾನವಿತ್ತು. ಸಿಮೆಂಟಿನದು. ನೀರಿನ ತೊಟ್ಟಿಯನ್ನು ವಿಮಾನದ ಆಕಾರದಲ್ಲಿ ಕಟ್ಟಿಸುವುದು ಆ ಕಡೆ ಹೊರದೇಶದವರ ಮನೆಯ ಗುರುತು. ಒಂದು ರೆಕ್ಕೆ ಮುಗಿದಿತ್ತು. ಇನ್ನೊಂದಕ್ಕೆ ಗಾರೆಯವನು ಕಂಬಿ ಬಗ್ಗಿಸುತ್ತಿದ್ದ. ಬೇರೆ ಊರಿನವನು.

"ಯಾರು ಬೇಕಿತ್ತು ಸರದಾರ್ ಜೀ?" ಎಂದು ಮೇಲಿನಿಂದ ಕೇಳಿದ. "ಯಜಮಾನ್ರು ಕೆನಡಾದಲ್ಲಿದಾರೆ. ಏನಿದ್ರೂ ಅಮ್ಮಾವ್ರನ್ನ ಕೇಳಿ."

"ನಾನೇ ಯಜಮಾನ."

"ಹೂಂ, ಹೂಂ. ಆ ಸಿಮೆಂಟ್ ಚೀಲ ಸ್ವಲ್ಪ ಈಚೆಗೆ ಎಳೀರಿ ಯಜಮಾನ್ರೇ."

ನಸೀಬ್ ಕೌರ್ ಹೊರಗೆ ಬಂದಳು. ಕೈಯಲ್ಲಿ ಹಿಟ್ಟು. ಗಂಡನನ್ನು ನೋಡಿದಳು, ಅವನ ಹಿಂದೆ ಬೀದಿಯನ್ನು ನೋಡಿದಳು, ಯಾರು ಯಾರು ಕಂಡಿರಬಹುದೆಂದು. ಕೈ ಹಿಡಿದು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು.

"ಏನಾಯ್ತು? ಹಿಡಿದ್ರಾ?"

"ಯಾರು?"

"ಪೊಲೀಸರು!"

"ಯಾರೂ ಹಿಡೀಲಿಲ್ಲ. ಕೆಲಸ ಮುಗೀತು, ಬಂದೆ."

ಅವಳು ಮಂಚದ ಮೇಲೆ ಕುಸಿದಳು. "ಮುಗೀತು, ಬಂದೆ! ಮೋಗಾಕ್ಕೆ ಹೋಗಿ ಬಂದ ಹಾಗೆ!"

ಸಂಜೆಯೊಳಗೆ ಊರೇ ಮನೆಗೆ ಬಂತು. ಸತ್ತವರ ಮನೆಗೆ ಬರುವ ಹಾಗೆ ಮೆಲ್ಲಗೆ, ತಲೆ ತಗ್ಗಿಸಿ ಬಂದರು. ಚಾಪೆ ಹಾಸಿದ್ದಾಯಿತು. ಚಹಾ ಬಂತು. ಬಿಕ್ಕರ್ ಬಾಯಿ ತೆರೆಯುವ ಮೊದಲೇ ನಸೀಬ್ ಕೌರ್ ಅಡುಗೆಮನೆಯ ಬಾಗಿಲಿಂದ ಹೇಳಿಬಿಟ್ಟಳು: "ಡಿಪೋರ್ಟ್ ಮಾಡಿಬಿಟ್ರು."

ಎಲ್ಲರೂ ನಿಟ್ಟುಸಿರುಬಿಟ್ಟರು. ಡಿಪೋರ್ಟ್ ಎಂಬ ಮಾತನ್ನು ಆ ಊರಿನಲ್ಲಿ ಒಂದನೇ ತರಗತಿಯ ಮಗುವೂ ಬಲ್ಲದು. ಹೊರದೇಶದ ಸರ್ಕಾರ ಹಿಡಿದು ಹೊರಗೆ ಹಾಕುವುದು. ಅದರಲ್ಲಿ ಅವಮಾನವಿಲ್ಲ. ಮನುಷ್ಯ ಪ್ರಯತ್ನಪಟ್ಟ, ಗ್ರಹಚಾರ ಕೈಕೊಟ್ಟಿತು.

"ಇಲ್ಲ, ನಾನಾಗೇ ಬಂದೆ," ಎಂದ ಬಿಕ್ಕರ್.

ಚನ್ನಣ್ ಅವನ ಬೆನ್ನು ಸವರಿದ. "ಸಮಾಧಾನ ಮಾಡ್ಕೋ ಮಗಾ. ಮೊದಮೊದಲು ಎಲ್ರೂ ಹಾಗೇ ಹೇಳೋದು."

"ಗುರುವಿನಾಣೆ, ಯಾರೂ ಕಳಿಸಲಿಲ್ಲ ತಾಯಾ."

"ಆಣೆ ಬೇರೆ ಹಾಕ್ತಾನೆ ಪಾಪ," ಎಂದಳು ಒಬ್ಬ ಮುದುಕಿ ಇನ್ನೊಬ್ಬಳಿಗೆ. "ತಲೆಗೆ ಹತ್ತಿಬಿಟ್ಟಿದೆ."

ಅವರು ಹೋದಮೇಲೆ ನಸೀಬ್ ಕೌರ್ ಹರಿಹಾಯ್ದಳು. "ಒಂದು ಮಾತಿಗೆ ಸುಮ್ನಿರೋಕೆ ಏನ್ ಕಷ್ಟ ನಿಂಗೆ? ಡಿಪೋರ್ಟ್ ಅಂದ್ರೆ ತಪ್ಪು ಸರ್ಕಾರದ್ದು. ನಾನಾಗೇ ಬಂದೆ ಅಂದ್ರೆ ತಪ್ಪು ಯಾರ್ದು? ನಿಂಗೆ ಹುಚ್ಚು ಅನ್ಬೇಕು, ಇಲ್ಲಾ ನಾನೇ ಮಾಟ ಮಾಡಿ ಕರೆಸ್ಕೊಂಡೆ ಅನ್ಬೇಕು."

"ಮಾಟ ಯಾಕೆ, ಒಂದ್ ಮಾತು ಕರೆದಿದ್ರೂ ಬರ್ತಿದ್ದೆ. ನೀನು ಕರೀಲಿಲ್ಲ."

ಅವಳು ಪಾತ್ರೆ ತೊಳೆಯಲು ಕುಳಿತಳು. ಪಾತ್ರೆಗಳು ಅಗತ್ಯಕ್ಕಿಂತ ಹೆಚ್ಚು ಸದ್ದು ಮಾಡಿದವು.

ಎರಡು ದಿನ ಹಾಗೇ ಕಳೆಯಿತು. ಮೂರನೆಯ ಬೆಳಿಗ್ಗೆ ಬಿಕ್ಕರ್ ಅಂಗಡಿಗೆ ಬೇಕಾದ ಬಟ್ಟೆ ತೆಗೆದುಕೊಂಡು ಒಬ್ಬನೇ ಅಂಗಳಕ್ಕೆ ಬಂದ. ಪೂಣಿಗೆ ಏನಾದರೂ ಆಸರೆ ಬೇಕಲ್ಲ ಎಂದು ಹುಡುಕಿದಾಗ ಪಡಸಾಲೆಯ ಕಿಟಕಿಯ ಒಂದು ಸರಳು ಕಣ್ಣಿಗೆ ಬಿತ್ತು. ಉಳಿದ ಸರಳುಗಳಿಗೆ ತುಕ್ಕು ಹಿಡಿದಿತ್ತು. ಅದೊಂದು ಮಾತ್ರ ತಿಕ್ಕಿ ತಿಕ್ಕಿ ಹೊಳೆಯುತ್ತಿತ್ತು, ಸಂದಿಯಲ್ಲಿ ಗುಲಾಬಿ, ಹಳದಿ ಎಳೆಗಳು ಸಿಕ್ಕಿಕೊಂಡಿದ್ದವು. ಅವನಿಲ್ಲದಾಗ ಅಂಗಡಿ ತೆರೆದು, ಪೂಣಿ ಮಾಡಿದ ಬಟ್ಟೆ ಮಾರುತ್ತಿದ್ದವಳು ಅವಳೇ. ಅದು ಅವನಿಗೆ ತಿಳಿದಿತ್ತು. ತುದಿ ಹಿಡಿದವರು ಯಾರೆಂದು ತಿಳಿದಿರಲಿಲ್ಲ.

ನಸೀಬ್ ಕೌರ್ ಬಂದು ಬಟ್ಟೆಯ ಇನ್ನೊಂದು ತುದಿ ಹಿಡಿದಳು. ಬಹಳ ಜೋರಾಗಿ ಎಳೆದಳು. ಬಿಕ್ಕರ್ ಎರಡು ಹೆಜ್ಜೆ ಮುಂದೆ ಬಂದ.

"ಸರಿಯಾಗಿ ನಿಲ್ಲೋಕೂ ಮರೆತೆಯಾ ಅಲ್ಲಿ ಹೋಗಿ?" ಎಂದಳು.

ಹೀಗೆ ಎರಡು ವಾರ. ಊರು ಅವನನ್ನು ಡಿಪೋರ್ಟ್ ಆದವನೆಂದು ಕನಿಕರಿಸುವುದು, ಅವನು ಅಲ್ಲವೆನ್ನುವುದು, ಊರು ಇನ್ನಷ್ಟು ಕನಿಕರಿಸುವುದು. ಸತ್ಯವನ್ನು ಹೇಳಿದಷ್ಟೂ ಅದಕ್ಕೆ ಹುಚ್ಚಿನ ಬಣ್ಣ ಬರುತ್ತಿತ್ತು. ಹೆಂಡತಿ ಬಟ್ಟೆಯ ತುದಿ ಹಿಡಿಯುತ್ತಿದ್ದಳು, ರೊಟ್ಟಿಗೆ ಬೆಣ್ಣೆ ಹಾಕುತ್ತಿದ್ದಳು. ಆದರೆ ತಾನು ಬಂದದ್ದು ಅವಳಿಗೆ ಸೇರಿತೋ ಇಲ್ಲವೋ ಎಂಬುದನ್ನು ಅವಳ ಮುಖದಿಂದ ತಿಳಿಯಲು ಬಿಕ್ಕರ್‌ಗೆ ಆಗಲಿಲ್ಲ. ಕೇಳಲು ಧೈರ್ಯವಿರಲಿಲ್ಲ. ತಾರಸಿಯ ಮೇಲೆ ಒಂಟಿ ರೆಕ್ಕೆಯ ವಿಮಾನ ಹಾಗೇ ನಿಂತಿತ್ತು. ಗಾರೆಯವನು, ಯಜಮಾನ ಮನೆಯಲ್ಲಿದ್ದರೆ ಇನ್ನೊಂದು ರೆಕ್ಕೆ ಬೇಕೇ ಎಂದು ಎರಡು ಸಲ ಬಂದು ಕೇಳಿದ್ದ. ನಸೀಬ್ ಕೌರ್ ಎರಡು ಸಲವೂ ಚಹಾ ಕೊಟ್ಟು ಕಳಿಸಿದ್ದಳು.

ಒಂದು ಬೆಳಿಗ್ಗೆ ಬಿಳಿಯ ದೊಡ್ಡ ಕಾರು ಬಂದು ನಿಂತಿತು. ಪಿಂಕಾ ಇಳಿದ. ಕಾರಿನ ಹಿಂದೆ ಚನ್ನಣ್ ಮತ್ತು ಅರಳಿಕಟ್ಟೆಯ ನಾಲ್ಕೈದು ಜನ ಬಂದರು. ಕಾರು ಯಾರ ಮನೆಗೆ ಹೋದರೂ ಅದರ ಹಿಂದೆ ಹೋಗುವುದು ಅವರ ಕೆಲಸ.

"ಉಸ್ತಾದ್! ಗಂಟು ಕಟ್ಟು!" ಎಂದ ಪಿಂಕಾ, ಮಂಚದ ಮೇಲೆ ಕುಳಿತು. "ನೋಕ್ ಎರಡನೇ ಭಾಗ ಬರ್ತಿದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಲ್ಲಿಂದ ಅಮೆರಿಕ. ವರ್ಷಕ್ಕೆ ಹತ್ತು ತಿಂಗಳು ಹೊರಗೇ. ಹದಿನೆಂಟು ಜನದ ಪಟ್ಟಿ, ನಿನ್ನ ಹೆಸರು ಮೊದಲನೇದು."

"ನನ್ನದು ಯಾಕೆ ಮೊದಲು?"

"ವೀಸಾದೋರು ಒಂದೇ ಕೇಳ್ತಿದಾರೆ, ಹೋದ ಸಲ ಹೋದೋರಲ್ಲಿ ಬಂದೋರು ಯಾರು ಅಂತ. ಅವರ ಮುಂದೆ ಇಡೋಕೆ ನನ್ನ ಹತ್ರ ಇರೋದು ನೀನೊಬ್ನೇ. ಬೇರೆ ಹಾಡುಗಾರರೂ ನಿನ್ನನ್ನ ಕೇಳ್ತಿದಾರೆ ಗೊತ್ತಾ? ಪಗಡಿ ಕಟ್ಟೋರು ಎಲ್ಲೂ ಸಿಗ್ತಾರೆ. ವಾಪಸು ಬರೋರು ಎಲ್ಲಿ ಸಿಗ್ತಾರೆ? ನಿನ್ನ ಹೆಸರು ಮೇಲಿದ್ರೆ, ಕೆಳಗಿನ ಹದಿನೇಳೂ ಅದರ ನೆರಳಲ್ಲಿ ಒಳಗೆ ಹೋಗ್ತವೆ."

ವಾಪಸು ಬಂದದ್ದು ತನ್ನ ಒಂದು ಒಳ್ಳೆಯ ಕೆಲಸ ಎಂದುಕೊಂಡಿದ್ದು ಪಿಂಕಾನ ಬಾಯಲ್ಲಿ ಏನಾಯಿತೆಂದು ಬಿಕ್ಕರ್ ಯೋಚಿಸುತ್ತಿರುವಾಗ ಚನ್ನಣ್ ನಡುವೆ ಬಾಯಿ ಹಾಕಿದ.

"ಅಲ್ಲಪ್ಪ, ಡಿಪೋರ್ಟ್ ಆದವನಿಗೆ ಮತ್ತೆ ವೀಸಾ ಕೊಡ್ತಾರಾ?"

"ಡಿಪೋರ್ಟಾ? ಯಾರು ಡಿಪೋರ್ಟು?"

ಎಲ್ಲರ ಕಣ್ಣು ಅಡುಗೆಮನೆಯ ಬಾಗಿಲ ಕಡೆ ಹೋಯಿತು. ನಸೀಬ್ ಕೌರ್ ಚಹಾದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ಬಿಕ್ಕರ್ ಎರಡು ವಾರದಿಂದ ಬಯಸುತ್ತಿದ್ದ ಸಾಕ್ಷಿ ತಾನಾಗಿಯೇ ಕಾರಿನಲ್ಲಿ ಬಂದು ಮಂಚದ ಮೇಲೆ ಕುಳಿತಿತ್ತು. ಅವಳಿಗೂ ಬೇಕಾದದ್ದೆಲ್ಲ ಅದರ ಜೊತೆಗೇ ಬಂದಿತ್ತು. ಹತ್ತು ತಿಂಗಳು ಹೊರದೇಶದಲ್ಲಿರುವ ಗಂಡ, ಮುಚ್ಚುಮರೆಯಿಲ್ಲದ ಮರ್ಯಾದೆ, ವಿಮಾನಕ್ಕೆ ಎರಡನೆಯ ರೆಕ್ಕೆ. ಆಗಲಿ ಎಂದರೆ ಸಾಕಿತ್ತು. ಬಿಕ್ಕರ್ ಅವಳ ಕಡೆ ನೋಡಲಾರದೆ ತನ್ನ ಕಾಲ ಹೆಬ್ಬೆರಳನ್ನು ನೋಡಿದ.

"ಇವರನ್ನೇ ಡಿಪೋರ್ಟ್ ಮಾಡಿರೋದು," ಎಂದಳು ನಸೀಬ್ ಕೌರ್. "ಎಲ್ಲಿಗೂ ಕಳಿಸೋಕಾಗಲ್ಲ."

ಪಿಂಕಾ ನಕ್ಕುಬಿಟ್ಟ. "ಭಾಬೀ, ತಮಾಷೆ ಮಾಡ್ಬೇಡಿ. ನಾನೇ ಜೊತೇಲಿದ್ದೆ. ಇಲ್ನೋಡಿ ಪಾಸ್‌ಪೋರ್ಟಿನ ನಕಲು, ಇಲ್ನೋಡಿ ಮೊಹರು. ಹೋದ ತಾರೀಖು, ಬಂದ ತಾರೀಖು."

"ನಂಗೆ ಓದೋಕೆ ಬರಲ್ಲ," ಎಂದಳು ಹತ್ತನೇ ತರಗತಿಯನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದ್ದ ನಸೀಬ್ ಕೌರ್. "ಊರಿಗೆಲ್ಲ ಗೊತ್ತಿರೋ ವಿಷಯ. ಚಹಾ ಕುಡಿದು ಹೊರಡಿ."

"ಹತ್ತು ತಿಂಗಳು ಭಾಬೀ! ಅಮೆರಿಕ!"

"ಬೇರೆ ಯಾರನ್ನಾದ್ರೂ ಹುಡುಕ್ಕೊಳಿ. ನಮ್ಮನೇದು ಡಿಪೋರ್ಟ್ ಆಗಿದೆ."

ಚನ್ನಣ್ ಒಮ್ಮೆ ಪಿಂಕಾನ ಕೈಯಲ್ಲಿದ್ದ ಕಾಗದವನ್ನೂ ಒಮ್ಮೆ ನಸೀಬ್ ಕೌರ್‌ಳನ್ನೂ ನೋಡಿದ. "ಬಿಕ್ಕರಾ, ನೀನೇ ಹೇಳು. ಇಷ್ಟು ದಿನ ನಾನಾಗೇ ಬಂದೆ, ನಾನಾಗೇ ಬಂದೆ ಅಂತಿದ್ದೆ. ಈಗ ಈ ಹುಡುಗನೂ ಅದನ್ನೇ ಹೇಳ್ತಿದಾನೆ. ನಿಜ ಯಾವುದು?"

ಬಿಕ್ಕರ್ ತಲೆಯೆತ್ತಿದ. ಹೆಂಡತಿ ಅವನನ್ನು ನೋಡುತ್ತಿರಲಿಲ್ಲ. ತಟ್ಟೆಯಲ್ಲಿದ್ದ ಲೋಟಗಳನ್ನು ನೋಡುತ್ತ ಬಂದು, ಅತಿಥಿಗಿಂತ ಮೊದಲು ಅವನ ಮುಂದೆ ತಟ್ಟೆ ಹಿಡಿದಳು.

"ಡಿಪೋರ್ಟ್ ಮಾಡಿದ್ರು ತಾಯಾ," ಎಂದ.

ಅರಳಿಕಟ್ಟೆಯವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಪಿಂಕಾ ಬಾಯಿ ತೆರೆದು ಕೂತ. ಚನ್ನಣ್ ಇನ್ನೂ ಹತ್ತಿರಕ್ಕೆ ಸರಿದು, ಎರಡು ವಾರದಿಂದ ಕೇಳಬೇಕೆಂದು ತಡೆದುಕೊಂಡಿದ್ದ ಪ್ರಶ್ನೆಯನ್ನು ಕೇಳಿದ.

"ಕೈಗೆ ಕೋಳ ಹಾಕಿದ್ರಾ ಮಗಾ?"

"ಎರಡೂ ಕೈಗೆ," ಎಂದ ಬಿಕ್ಕರ್ ಸಿಂಗ್, ತಟ್ಟೆಯಿಂದ ಒಂದು ಲೋಟ ಎತ್ತಿಕೊಳ್ಳುತ್ತ. "ಬಹಳ ಬಿಗಿಯಾಗಿ."